ದೂರಮಾರ್ಗದ ಲಾರಿ ಚಾಲಕರ ವಿಶ್ರಾಂತಿ

ಸರಕು ಸಾಗಣೆಯ ಚರಿತ್ರೆಯನ್ನು ಬರೆಯುವವರು ಮಾರ್ಗಗಳನ್ನೂ ಸರಕುಗಳನ್ನೂ ಸುಂಕಗಳನ್ನೂ ಕುರಿತು ವಿಸ್ತಾರವಾಗಿ ಬರೆಯುವುದುಂಟು. ಆ ಸರಕನ್ನು ಊರಿಂದೂರಿಗೆ ಒಯ್ದವನು ದಿನಕ್ಕೆ ಎಷ್ಟು ಹೊತ್ತು ದುಡಿದನು, ಎಲ್ಲಿ ಮಲಗಿದನು, ಯಾರ ಅಪ್ಪಣೆಯಿಂದ ನಿಂತನು ಎಂಬ ಪ್ರಶ್ನೆಗಳು ಹಿಂದೆ ಬೀಳುತ್ತವೆ. ಸುಮಾರು ೧೯೩೦ರಿಂದ ೧೯೯೦ರ ವರೆಗಿನ ಅವಧಿಯಲ್ಲಿ ದೂರದ ಹಾದಿಗಳಲ್ಲಿ ಲಾರಿಗಳನ್ನು ನಡೆಸಿದವರ ಬಾಳನ್ನು ಈ ಪ್ರಶ್ನೆಗಳ ಮೂಲಕ ಪರಿಶೀಲಿಸಿದರೆ ಒಂದು ಸಂಗತಿ ಸ್ಪಷ್ಟವಾಗಿ ಗೋಚರಿಸುತ್ತದೆ. ಅವರಿಗೆ ವಿಶ್ರಾಂತಿಯನ್ನು ವಿಧಿಸುವ ಕಾಯಿದೆಗಳು ಇಲ್ಲದೆ ಇರಲಿಲ್ಲ. ಆದರೆ ಆ ಕಾಯಿದೆಗಳು ಯಾವ ಬಗೆಯ ಉದ್ಯಮವನ್ನು ಎದುರಿಗಿಟ್ಟುಕೊಂಡು ರಚಿತವಾದುವೋ, ರಸ್ತೆಯ ಮೇಲಿದ್ದ ಉದ್ಯಮ ಬಹುಮಟ್ಟಿಗೆ ಆ ಬಗೆಯದಾಗಿರಲಿಲ್ಲ. ಈ ಮಾತಿನ ಅರ್ಥ ತಿಳಿಯಬೇಕಾದರೆ ಲಾರಿಗಿಂತ ಮೊದಲು ಅದೇ ಹಾದಿಗಳಲ್ಲಿ ಹೊರೆಯನ್ನು ಸಾಗಿಸಿದವರ ವಿಷಯದಲ್ಲಿ ನಾಲ್ಕು ಮಾತುಗಳನ್ನು ಹೇಳುವುದು ಆವಶ್ಯಕ.

೧

ಕನ್ನಡ ನಾಡಿನಲ್ಲಿ ದೂರವ್ಯಾಪಾರವು ಬಹು ಪುರಾತನವಾದುದು. ಅಯ್ಯಾವೊಳೆಯ ಐನೂರ್ವರು, ನಾನಾದೇಶಿಗಳು, ಮುಮ್ಮುರಿದಂಡಗಳು ಮೊದಲಾದ ವರ್ತಕಸಂಘಗಳ ಉಲ್ಲೇಖವು ಶಾಸನಗಳಲ್ಲಿ ವಿಪುಲವಾಗಿದೆ. ಪೆರ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರುಗಳೂ ಅಲ್ಲಿಯೇ ದೊರೆಯುತ್ತವೆ. ಸುಂಕವನ್ನು ಎಣಿಸುವಾಗ ತಲೆಹೊರೆ, ಕತ್ತೆಯ ಹೇರು, ಎತ್ತಿನ ಹೇರು, ಬಂಡಿಯ ಹೇರು ಎಂದು ಹೊತ್ತ ಬಗೆಯನ್ನೇ ಅಳತೆಯಾಗಿ ಹಿಡಿಯುವ ಪದ್ಧತಿ ಇದ್ದಿತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನು ತನ್ನ ಕಾಯಕದ ಪರಿಭಾಷೆಯನ್ನೇ ವಚನಗಳಲ್ಲಿ ಬಳಸಿರುವುದು ಸಾಹಿತ್ಯಾಭ್ಯಾಸಿಗಳಿಗೆ ತಿಳಿದ ವಿಷಯ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯು ಹಾದಿಗಾರನ ಅನುಭವದಿಂದಲೇ ಹುಟ್ಟಿರಬೇಕು. ಈ ಗಾದೆಗೆ ಲಾರಿಯ ಕಾಲದಲ್ಲಿಯೂ ಅರ್ಥ ಕಳೆದುಹೋಗಲಿಲ್ಲವೆಂಬುದು ಮುಂದೆ ತಿಳಿಯುವುದು.

ಮೊಗಲರ ಕಾಲದಿಂದ ಹತ್ತೊಂಬತ್ತನೆಯ ಶತಮಾನದ ಮಧ್ಯದ ವರೆಗೆ ಧಾನ್ಯ ಮತ್ತು ಉಪ್ಪುಗಳ ದೂರಸಾಗಣೆಯಲ್ಲಿ ಮುಖ್ಯರಾದವರು ಬಂಜಾರರು. ಕನ್ನಡ ನಾಡಿನಲ್ಲಿ ಇವರಿಗೆ ಲಂಬಾಣಿಗಳೆಂದು ಹೆಸರು. ಇಂಗ್ಲಿಷ್ ಪ್ರವಾಸಿಯಾದ ಪೀಟರ್ ಮಂಡಿಯು ೧೬೩೨ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ಸಂಚರಿಸುವಾಗ ೧೪,೦೦೦ ಎತ್ತುಗಳ ಒಂದು ತಾಂಡವನ್ನು ಕಂಡನು. ಹೆಂಡತಿ ಮಕ್ಕಳೊಡನೆ ನಡೆಯುತ್ತಿದ್ದ ಆ ಜನರು ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ಸಾಗುತ್ತಿರಲಿಲ್ಲವೆಂದು ಅವನು ಬರೆದಿಟ್ಟಿದ್ದಾನೆ. ಅದೇ ಶತಮಾನದ ಫ್ರೆಂಚ್ ವರ್ತಕ ತಾವೆರ್ನಿಯೇ ಎಂಬವನು ಹತ್ತು ಹನ್ನೆರಡು ಸಾವಿರ ಎತ್ತುಗಳ ತಂಡಗಳು ಇಕ್ಕಟ್ಟಾದ ಹಾದಿಯಲ್ಲಿ ಎದುರಾದರೆ, ಅವು ದಾಟಿಹೋಗುವ ವರೆಗೆ ಎರಡು ಮೂರು ದಿನ ಕಾಯಬೇಕಾಗುತ್ತಿತ್ತೆಂದು ಹೇಳಿದ್ದಾನೆ. ೧೭೯೧ರಲ್ಲಿ ಮೈಸೂರಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೂ ಧಾನ್ಯವನ್ನು ಒದಗಿಸಿದವರಲ್ಲಿ ಇವರಿದ್ದರು.

ಈ ಸಾಗಣೆಯಲ್ಲಿ ಗಮನಿಸತಕ್ಕ ಅಂಶಗಳು ಮೂರು. ಎತ್ತುಗಳು ಸಾಗಿಸುವವನ ಸ್ವಂತದವು. ಅನೇಕ ವೇಳೆ ಕಂಟಲೆಯಲ್ಲಿದ್ದ ಧಾನ್ಯವೂ ಅವನದೇ. ಅವನ ಮನೆಯು ಅವನ ಸಂಗಡವೇ ನಡೆಯುತ್ತಿತ್ತು. ಎತ್ತಿಗೆ ದಣಿವಾದಾಗ, ಮೇವು ನೀರು ಬೇಕಾದಾಗ, ಮನುಷ್ಯನೂ ನಿಲ್ಲಲೇಬೇಕಾಗಿತ್ತು. ಮನುಷ್ಯನ ವಿಶ್ರಾಂತಿಗೆ ಎತ್ತಿನ ಶರೀರವೇ ಕಾವಲು. ಇದರಿಂದ ಆ ಬಾಳು ಸುಖದ್ದಾಗಿತ್ತೆಂದು ಹೇಳಲಾಗುವುದಿಲ್ಲ. ಕಳ್ಳರ ಭಯ, ಕ್ಷಾಮ, ಜಾನುವಾರುಗಳ ರೋಗ, ಸೈನ್ಯಗಳ ಕಾಟ ಇವೆಲ್ಲವೂ ಇದ್ದುವು. ರಸ್ತೆಗಳೂ ರೈಲುಗಳೂ ಬಂದು ಕಸುಬು ಕುಸಿದ ಮೇಲೆ, ೧೮೭೧ರ ಅಪರಾಧಿ ಪಂಗಡಗಳ ಕಾಯಿದೆಯ ಕಾಲದಲ್ಲಿ, ಅಲೆದಾಡುವ ಜನರೆಂಬ ಕಾರಣದಿಂದಲೇ ಅವರಲ್ಲಿ ಅನೇಕರು ಸಂಶಯಕ್ಕೆ ಗುರಿಯಾದರು. ಹೇಳತಕ್ಕ ಮಾತು ಇಷ್ಟೇ: ದಣಿವಿನ ಅಳತೆಯು ಆ ಸಾಗಣೆಯ ಒಳಗೆಯೇ ಅಡಗಿದ್ದಿತು, ಹೊರಗಿನ ಕಾಯಿದೆ ಅದನ್ನು ಹೇಳಬೇಕಾಗಿರಲಿಲ್ಲ.

೨

ಹೇರೆತ್ತಿಗೂ ಲಾರಿಗೂ ನಡುವೆ ಬಂಡಿಯ ಕಾಲವೊಂದು ಬಂದಿತು. ೧೮೩೪ರಿಂದ ೧೮೬೧ರ ವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ಸಂಸ್ಥಾನದ ಮುಖ್ಯ ಪಟ್ಟಣಗಳಿಗೂ ಘಟ್ಟಗಳಿಗೂ ಬಂಡಿ ನಡೆಯುವಂತಹ ರಸ್ತೆಗಳಾದುವು. ೭೬೯ ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದುವೆಂದು ಆ ಕಾಲದ ಆಡಳಿತವೃತ್ತಾಂತಗಳು ಹೇಳುತ್ತವೆ. ೧೮೬೪ರಲ್ಲಿ ರೈಲು ಬೆಂಗಳೂರಿಗೆ ಬಂದ ಮೇಲೆ ದೂರದ ಹೊರೆಯು ಕ್ರಮೇಣ ಅದರ ಪಾಲಾಯಿತು. ಬಂಡಿಗೆ ಉಳಿದುದು ಹೆಚ್ಚಾಗಿ ನಿಲ್ದಾಣದಿಂದ ಸಂತೆಯ ವರೆಗಿನ ಹಾದಿ. ಬಿಸಿಲಿಗೆ ಅಂಜಿ ರಾತ್ರಿಯಲ್ಲಿ ಸಾಗುತ್ತಿದ್ದ ಬಂಡಿಗಾರನು ಮೂಟೆಗಳ ಮೇಲೆ ಮಲಗಿ ನಿದ್ರಿಸುತ್ತಿದ್ದನು. ಎತ್ತುಗಳು ತಮಗೆ ಪರಿಚಿತವಾದ ದಾರಿಯನ್ನು ಹಿಡಿದು ತಾವೇ ನಡೆಯುತ್ತಿದ್ದುವು. ಲಾರಿಯ ಕಾಲದಲ್ಲಿ ಅಳಿದುಹೋದುದು ಈ ಸೌಲಭ್ಯವೇ. ಇಂಜಿನು ದಣಿಯುವುದಿಲ್ಲ, ಆದರೆ ಅದಕ್ಕೆ ದಾರಿಯೂ ತಿಳಿಯದು.

ಒಂದನೆಯ ಮಹಾಯುದ್ಧವು ಮುಗಿದ ಮೇಲೆ ಮೋಟಾರು ಬಂಡಿಗಳು ಈ ದೇಶದ ರಸ್ತೆಗಳಲ್ಲಿ ಹೆಚ್ಚಿದುವು. ೧೯೩೦ರ ಸುಮಾರಿಗೆ ಅವು ರೈಲಿನ ವರಮಾನಕ್ಕೆ ಪ್ರತಿಸ್ಪರ್ಧಿಗಳಾದುವೆಂಬ ಕೂಗೆದ್ದಿತು. ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳು ೧೯೩೩ರಲ್ಲಿ ಈ ಸ್ಪರ್ಧೆಯನ್ನು ಕುರಿತು ಒಪ್ಪಿಸಿದ ವರದಿಯೂ ಅದರ ಮೇಲೆ ನಡೆದ ಚರ್ಚೆಗಳೂ ೧೯೩೯ರ ಮೋಟಾರು ವಾಹನಗಳ ಕಾಯಿದೆಗೆ ದಾರಿಮಾಡಿದುವು. ಲಾರಿಯು ಯಾವ ಹಾದಿಯಲ್ಲಿ, ಎಷ್ಟು ದೂರ ಹೋಗಬಹುದೆಂಬುದು ಪರ್ಮಿಟ್ಟಿನ ಅಧೀನವಾಯಿತು. ೧೯೪೫ರ ನಿಯಮಾವಳಿಯು ಲಾರಿಯ ನಿರಾತಂಕ ಸಂಚಾರಕ್ಕೆ ೭೫ ಮೈಲಿಗಳ ಎಲ್ಲೆಯನ್ನು ಸೂಚಿಸಿತು. ದೂರದ ಹೊರೆ ರೈಲಿನದು, ಹತ್ತಿರದ ಹೊರೆ ಲಾರಿಯದು ಎಂಬುದು ಅಂದಿನ ನೀತಿ. ಹೀಗೆ ದೂರಮಾರ್ಗದ ಚಾಲಕನು ಹುಟ್ಟಿದ ಗಳಿಗೆಯಿಂದಲೇ ಸರ್ಕಾರದ ನೀತಿಗೆ ಬೇಡವಾದವನಾಗಿದ್ದನು.

ಕನ್ನಡ ನಾಡಿನ ಮಟ್ಟಿಗೆ ಇನ್ನೊಂದು ತೊಡಕೂ ಇದ್ದಿತು. ೧೯೫೬ಕ್ಕೆ ಮೊದಲು ಬೆಳಗಾವಿ, ಹುಬ್ಬಳ್ಳಿ, ಹಾವೇರಿ, ರಾಣೆಬೆನ್ನೂರುಗಳು ಮುಂಬಯಿಗೂ ಹರಿಹರ, ದಾವಣಗೆರೆ, ಚಿತ್ರದುರ್ಗಗಳು ಮೈಸೂರಿಗೂ ಮಂಗಳೂರು ಮದರಾಸಿಗೂ ಸೇರಿದ್ದುವು. ಹುಬ್ಬಳ್ಳಿಯ ಹತ್ತಿಯನ್ನೋ ಬ್ಯಾಡಗಿಯ ಮೆಣಸಿನಕಾಯಿಯನ್ನೋ ಬೆಂಗಳೂರಿಗೆ ತರುವವನು, ಮಂಗಳೂರಿನ ಹೆಂಚನ್ನು ಘಟ್ಟದ ಮೇಲಕ್ಕೆ ತರುವವನು, ಒಂದೇ ಭಾಷೆಯ ನೆಲದಲ್ಲಿ ಸಂಚರಿಸುತ್ತಿದ್ದರೂ ಬೇರೆ ಬೇರೆ ಆಡಳಿತಗಳ ಗಡಿಗಳನ್ನು ದಾಟಬೇಕಾಗಿತ್ತು. ೧೯೫೬ರ ನವೆಂಬರ್ ೧ರಂದು ಆದ ಏಕೀಕರಣವು ಇಂತಹ ಹಾದಿಗಾರರಿಗೆ ಭಾವನೆಯ ವಿಷಯ ಮಾತ್ರವಲ್ಲದೆ ದಿನನಿತ್ಯದ ಅನುಕೂಲವೂ ಆಯಿತು.

೩

ಆ ಕಾಲದ ಲಾರಿಯ ರಚನೆಯನ್ನು ತಿಳಿಯದೆ ಚಾಲಕನ ದಣಿವನ್ನು ಅಳೆಯಲಾಗುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿನ ಅಭಾವದಿಂದ ಬಸ್ಸು ಲಾರಿಗಳಿಗೆ ಇದ್ದಿಲಿನ ಅನಿಲದ ಒಲೆಗಳನ್ನು ಜೋಡಿಸಿದ್ದರು. ಹೊರಡುವ ಮುನ್ನ ಬಹು ಹೊತ್ತು ಗಾಳಿಯೂದಿ ಒಲೆಯನ್ನು ಹೊತ್ತಿಸುವುದು, ಹಾದಿಯಲ್ಲಿ ಬೂದಿಯನ್ನು ತೆಗೆಯುವುದು, ಏರಿನಲ್ಲಿ ಶಕ್ತಿ ಸಾಲದೆ ನಿಂತ ಬಂಡಿಯನ್ನು ಹೇಗೋ ಮುಂದಕ್ಕೆ ಸಾಗಿಸುವುದು ಚಾಲಕ ಮತ್ತು ಕ್ಲೀನರುಗಳ ಪಾಡಾಗಿತ್ತು. ಸ್ವಾತಂತ್ರ್ಯಾನಂತರ, ೧೯೫೪ರಿಂದ ಜಮ್‌ಷೆಡ್‌ಪುರದ ಟಾಟಾ ಕಾರ್ಖಾನೆಯಲ್ಲಿ ಮರ್ಸಿಡಿಸ್ ಬೆಂಜ್ ಮಾದರಿಯ ಡೀಸೆಲ್ ಲಾರಿಗಳು ತಯಾರಾದುವು; ಮದರಾಸಿನಲ್ಲಿ ಅಶೋಕ್ ಲೇಲೆಂಡ್ ಸಂಸ್ಥೆಯ ಲಾರಿಗಳು ಹೊರಬಂದುವು. ಕಾರ್ಖಾನೆಯು ಸಾಮಾನ್ಯವಾಗಿ ಇಂಜಿನು ಮತ್ತು ಚೌಕಟ್ಟನ್ನು ಮಾತ್ರ ಮಾರುತ್ತಿತ್ತು. ಚಾಲಕನು ಕೂಡುವ ಕೋಣೆಯನ್ನು ಊರಿನ ಬಡಗಿಗಳು ಮರದಿಂದ ಕಟ್ಟುತ್ತಿದ್ದರು. ಇಂಜಿನಿನ ಕಾವೂ ಸದ್ದೂ ಪಕ್ಕದಲ್ಲಿಯೇ. ಚುಕ್ಕಾಣಿಯ ಚಕ್ರವನ್ನು ಯಾವ ಯಂತ್ರಸಹಾಯವೂ ಇಲ್ಲದೆ ತೋಳಿನ ಬಲದಿಂದಲೇ ತಿರುಗಿಸಬೇಕು.

ಶಿರಾಡಿ, ಚಾರ್ಮಾಡಿ, ಅರಬೈಲು ಮುಂತಾದ ಘಟ್ಟಗಳಲ್ಲಿ ಈ ಶ್ರಮವು ಇಮ್ಮಡಿಯಾಗುತ್ತಿತ್ತು. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಯೇ ಬಂಡಿಯನ್ನು ತಡೆದು ಇಳಿಸಬೇಕು. ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ತಪ್ಪುವ ಅಪಾಯ. ಏರಿನಲ್ಲಿ ಬಂಡಿ ನಿಂತರೆ ಕ್ಲೀನರನು ಧುಮುಕಿ ಹಿಂದಿನ ಚಕ್ರಕ್ಕೆ ಕಲ್ಲನ್ನೋ ಮರದ ತುಂಡನ್ನೋ ಕೊಡಬೇಕು. ಕ್ಲೀನರನೆಂದರೆ ಕೇವಲ ತೊಳೆಯುವವನಲ್ಲ. ಹಗ್ಗ ಬಿಗಿಯುವವನು, ಟಾರ್ಪಾಲು ಹೊದಿಸುವವನು, ಅಡಿಗೆ ಮಾಡುವವನು, ರಾತ್ರಿ ಸರಕನ್ನು ಕಾಯುವವನು, ಚಾಲಕನ ಕಣ್ಣು ಮುಚ್ಚದಂತೆ ಮಾತನಾಡಿಸುವವನೂ ಅವನೇ. ಯಾವ ಶಾಲೆಯೂ ಇಲ್ಲದ ಆ ವಿದ್ಯೆಯನ್ನು ಅವನು ಚಾಲಕನ ಶಿಷ್ಯನಾಗಿ ಕಲಿತು, ಕೆಲವು ವರ್ಷಗಳ ಮೇಲೆ ತಾನೇ ಚಾಲಕನಾಗುತ್ತಿದ್ದನು. ಕಸುಬಿನ ಮಾತುಗಳೂ ಹೀಗೆಯೇ ಬಾಯಿಂದ ಬಾಯಿಗೆ ಬಂದುವು. ಹೆಚ್ಚುವರಿ ಚಕ್ರಕ್ಕೆ ಸ್ಟೆಪ್ನಿ ಎಂಬ ಹೆಸರು ವೇಲ್ಸ್ ದೇಶದ ಲನೆಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಬಂದುದು; ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆ ಬಗೆಯ ಚಕ್ರವನ್ನು ಮಾಡಿ ಮಾರಿದ ಸಂಸ್ಥೆಯ ಹೆಸರದು. ಮೂಲಸ್ಥಾನದಲ್ಲಿ ಬಹುಮಟ್ಟಿಗೆ ಮರೆತುಹೋದ ಮಾತು ಕನ್ನಡದ ಹಳ್ಳಿಹಳ್ಳಿಯಲ್ಲಿ ಉಳಿದಿರುವುದು ಭಾಷಾಭ್ಯಾಸಿಗಳು ಗಮನಿಸತಕ್ಕ ವಿಷಯ.

ಊಟ ನಿದ್ರೆಗಳ ಏರ್ಪಾಡು ಹಾದಿಯನ್ನು ಅನುಸರಿಸಿ ಬದಲಾಗುತ್ತಿತ್ತು. ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಖಾನಾವಳಿಗಳು, ದಕ್ಷಿಣದಲ್ಲಿ ಮುದ್ದೆಯ ಮಿಲಿಟರಿ ಹೋಟೆಲುಗಳು, ಉತ್ತರ ಹಿಂದುಸ್ಥಾನದ ಕಡೆಗೆ ಪಂಜಾಬಿಗಳ ಡಾಬಾಗಳು. ಡಾಬಾದ ಅಂಗಳದ ಹಗ್ಗದ ಮಂಚವೇ ಚಾಲಕನ ಶಯ್ಯೆ. ಅದಿಲ್ಲದ ಕಡೆ ಲಾರಿಯ ಮೂಟೆಗಳ ಮೇಲೆ, ಬೇಸಗೆಯಲ್ಲಿ ಲಾರಿಯ ಕೆಳಗಿನ ನೆರಳಿನಲ್ಲಿ ಮಲಗುವುದು. ಮನೆಗೂ ಅವನಿಗೂ ನಡುವಿನ ಸಂಪರ್ಕವೆಂದರೆ ಅಂಚೆಯ ಕಾರ್ಡು, ಇಲ್ಲವೆ ಅದೇ ಹಾದಿಯಲ್ಲಿ ಹಿಂದಿರುಗುವ ಇನ್ನೊಬ್ಬ ಚಾಲಕನ ಬಾಯಿಮಾತು. ದೂರವಾಣಿಯ ಅಂಗಡಿಗಳು ರಸ್ತೆಬದಿಯಲ್ಲಿ ಹೆಚ್ಚಾದುದು ೧೯೮೦ರ ದಶಕದ ಕೊನೆಯ ಹೊತ್ತಿಗೆ. ಅಲ್ಲಿಯ ವರೆಗೆ ಹೊರಟವನು ಎಂದು ಬರುವನೆಂಬುದು ಮನೆಯವರಿಗೆ ತಿಳಿಯದು. ಲಂಬಾಣಿಯ ತಾಂಡದಲ್ಲಿ ಮನೆಯೇ ಹೊರೆಯೊಡನೆ ನಡೆದರೆ, ಇಲ್ಲಿ ಹೊರೆಯು ಮನೆಯನ್ನು ಹಿಂದಿಟ್ಟು ನಡೆಯಿತು.

೪

ಇನ್ನು ಕಾಯಿದೆಯ ವಿಚಾರ. ೧೯೩೯ರ ಕಾಯಿದೆಯ ೬೫ನೆಯ ವಿಧಿಯು, ಚಾಲಕನಿಂದ ಅರ್ಧ ಗಂಟೆಯ ಬಿಡುವಿಲ್ಲದೆ ಐದು ಗಂಟೆಗಳಿಗಿಂತ ಹೆಚ್ಚು ಕಾಲವಾಗಲಿ, ಒಂದು ದಿನದಲ್ಲಿ ಒಂಬತ್ತು ಗಂಟೆಗಳಿಗಿಂತ ಹೆಚ್ಚಾಗಲಿ ಬಂಡಿಯನ್ನು ನಡೆಯಿಸಕೂಡದೆಂದು ವಿಧಿಸಿತು. ೧೯೬೧ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ಇನ್ನೂ ಮುಂದೆ ಹೋಗಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ ೪೮ ಗಂಟೆಗಳ ಮಿತಿಯನ್ನಿಟ್ಟು, ದೂರಮಾರ್ಗಗಳಲ್ಲಿ ಮಾತ್ರ ದಿನಕ್ಕೆ ಹತ್ತು, ವಾರಕ್ಕೆ ೫೪ ಗಂಟೆಗಳ ವರೆಗೆ ಸಡಿಲಿಸಿತು. ವಾರದ ರಜೆಯನ್ನೂ ವಿಶ್ರಾಂತಿಗೃಹಗಳನ್ನೂ ಹೇಳಿತು. ಓದುವುದಕ್ಕೆ ಇವು ಉದಾರವಾದ ವಿಧಿಗಳೇ.

ಆದರೆ ೧೯೬೧ರ ಕಾಯಿದೆಯು ಅನ್ವಯಿಸಿದುದು ಐದು ಅಥವಾ ಹೆಚ್ಚು ಮಂದಿ ಕೆಲಸಗಾರರಿದ್ದ ಸಂಸ್ಥೆಗಳಿಗೆ. ಬಸ್ಸುಗಳ ವಿಷಯದಲ್ಲಿ ಇದು ತಕ್ಕುದಾಗಿತ್ತು. ಏಕೆಂದರೆ ಅವು ಬಹುಮಟ್ಟಿಗೆ ಸರ್ಕಾರದ ಅಥವಾ ದೊಡ್ಡ ಕಂಪೆನಿಗಳ ಕೈಯಲ್ಲಿದ್ದುವು. ಲಾರಿಯ ಸಂಗತಿ ಬೇರೆ. ಸಾಲ ಮಾಡಿ ಒಂದೋ ಎರಡೋ ಲಾರಿ ಕೊಂಡವನೇ ಅಲ್ಲಿಯ ಸಾಮಾನ್ಯ ಮಾಲೀಕ. ೧೯೫೯ರಲ್ಲಿ ಮಸಾನಿಯವರ ಅಧ್ಯಕ್ಷತೆಯ ಸಮಿತಿಯು ರಸ್ತೆಸಾರಿಗೆಯನ್ನು ಪರಿಶೀಲಿಸಿದಾಗಲೂ ಈ ಚದರಿದ ಸಣ್ಣ ಮಾಲೀಕತ್ವವೇ ಮುಖ್ಯ ಪ್ರಶ್ನೆಗಳಲ್ಲೊಂದಾಗಿತ್ತು. ಲಾರಿಗೆ ಒಬ್ಬ ಚಾಲಕ, ಒಬ್ಬ ಕ್ಲೀನರ್; ಎರಡು ಲಾರಿಗಳಿಗೆ ನಾಲ್ವರು. ಐದನೆಯವನಿಲ್ಲದ ಕಾರಣ ಕಾಯಿದೆ ಅವರ ಬಾಗಿಲಿಗೆ ಬರಲಿಲ್ಲ. ಯಾರಿಗೆ ರಕ್ಷಣೆ ಅತ್ಯಂತ ಅಗತ್ಯವಾಗಿದ್ದಿತೋ ಅವರೇ ಸಂಖ್ಯೆಯ ಒಂದು ಗೆರೆಯಿಂದ ಹೊರಗುಳಿದರು.

೧೯೩೯ರ ವಿಧಿಯಾದರೋ ಎಲ್ಲರಿಗೂ ಅನ್ವಯಿಸುತ್ತಿತ್ತಲ್ಲವೆ ಎಂಬ ಆಕ್ಷೇಪವು ಇಲ್ಲಿ ಹುಟ್ಟಬಹುದು. ಅದಕ್ಕೆ ಸಮಾಧಾನವು ಬಾಡಿಗೆಯ ಲೆಕ್ಕದಲ್ಲಿದೆ. ಬೆಂಗಳೂರಿನಿಂದ ಮುಂಬಯಿಗೆ ಹಾದಿ ಸುಮಾರು ೧,೦೦೦ ಕಿಲೋಮೀಟರು. ಹೊರೆ ತುಂಬಿದ ಲಾರಿಯು ಗಂಟೆಗೆ ೩೦ ಕಿಲೋಮೀಟರು ಸಾಗುವುದೆಂದು ಹಿಡಿದರೆ, ಒಂಬತ್ತು ಗಂಟೆಗಳ ಮಿತಿಯಲ್ಲಿ ಅದು ಸೇರಬೇಕಾದುದು ನಾಲ್ಕನೆಯ ದಿನ. ಅದನ್ನು ಎರಡು ದಿನಗಳಲ್ಲಿ ಮುಟ್ಟಿಸಬೇಕಾದರೆ ದಿನಕ್ಕೆ ೧೬ ಗಂಟೆಗಳಿಗಿಂತ ಹೆಚ್ಚು ಕಾಲ ಚಕ್ರವನ್ನು ಹಿಡಿಯಬೇಕು. ಮಂಡಿಯು ಕಂಡ ತಾಂಡವು ಇದೇ ದೂರಕ್ಕೆ ಮೂರು ತಿಂಗಳನ್ನು ತೆಗೆದುಕೊಳ್ಳುತ್ತಿತ್ತು. ಮಾಲೀಕನಿಗೆ ಸಾಲದ ಕಂತು ತಿಂಗಳು ತಿಂಗಳಿಗೆ ಬರುವುದು. ಟ್ರಿಪ್ಪುಗಳು ಹೆಚ್ಚಿದಷ್ಟೂ ಅದು ತೀರುವುದು. ಚಾಲಕನ ಸಂಬಳವು ಅಲ್ಪ. ಟ್ರಿಪ್ಪಿಗೆ ಇಷ್ಟೆಂದು ದೊರೆಯುವ ಬಾಟಾ ಹಣದಿಂದಲೇ ಅವನ ಸಂಸಾರ ನಡೆಯಬೇಕು. ಆದ್ದರಿಂದ ನಿದ್ರೆಗೆಡುವುದರಲ್ಲಿ ಮಾಲೀಕನಿಗೆ ಇದ್ದ ಹಿತವೇ ಚಾಲಕನಿಗೂ ಇದ್ದಂತೆ ತೋರುತ್ತಿತ್ತು. ಅಪ್ಪಣೆಯು ಬಾಯಿಮಾತಿನದು, ಗಂಟೆಗಳ ಲೆಕ್ಕವನ್ನು ಬರೆದಿಡುವವರು ವಿರಳ. ಅಪಘಾತವಾದರೆ ಮಾತ್ರ ಹಿತಗಳು ಬೇರೆಯಾಗುತ್ತಿದ್ದುವು. ಆಗ ದಂಡಸಂಹಿತೆಯ ೩೦೪-ಎ ವಿಧಿಯ ಕೆಳಗೆ, ಅಜಾಗರೂಕತೆಯಿಂದ ಪ್ರಾಣಹಾನಿ ಮಾಡಿದನೆಂಬ ಆಪಾದನೆಯನ್ನು ಹೊತ್ತು ನ್ಯಾಯಾಲಯದಲ್ಲಿ ನಿಲ್ಲತಕ್ಕವನು ಚಾಲಕನೊಬ್ಬನೇ. ಹಿಂದಿನ ಎರಡು ರಾತ್ರಿ ಅವನು ಮಲಗಿದ್ದನೆ ಎಂಬುದಕ್ಕೆ ದಾಖಲೆ ಇಲ್ಲ.

೫

ಲಾರಿಗಳು ಎಷ್ಟೋ ಹೊತ್ತು ನಿಂತೇ ಇರುತ್ತಿದ್ದುವು, ಆಗ ಚಾಲಕನಿಗೆ ಬಿಡುವು ದೊರೆಯುತ್ತಿರಲಿಲ್ಲವೆ ಎಂದು ಕೇಳಬಹುದು. ನಿಂತುದು ನಿಜ. ಪುರಸಭೆಗಳ ಆಕ್ಟ್ರಾಯ್ ನಾಕೆಗಳು, ಮಾರಾಟತೆರಿಗೆಯ ಚೆಕ್‌ಪೋಸ್ಟುಗಳು, ಅರಣ್ಯದ ಗೇಟುಗಳು, ರಾಜ್ಯಗಳ ಗಡಿಗಳು, ಇವುಗಳ ಮುಂದೆ ಲಾರಿಗಳ ಸಾಲು ನಿಲ್ಲುತ್ತಿತ್ತು. ಆದರೆ ಕಾಯುವುದು ಬೇರೆ, ವಿಶ್ರಮಿಸುವುದು ಬೇರೆ. ಸಾಲು ಒಂದೊಂದೇ ಮಾರು ಮುಂದೆ ಸರಿಯುವಾಗ ನಿದ್ರೆ ಸಾಧ್ಯವಿಲ್ಲ. ಕಾಗದಗಳನ್ನು ತೋರಿಸಬೇಕು, ಟಾರ್ಪಾಲು ಬಿಚ್ಚಿ ಕಟ್ಟಬೇಕು, ಮಾಮೂಲನ್ನು ಒಪ್ಪಿಸಬೇಕು. ಅಲ್ಲಿ ಕಳೆದ ಹೊತ್ತನ್ನು ಮುಂದಿನ ಹಾದಿಯಲ್ಲಿ ವೇಗದಿಂದಲೂ ನಿದ್ರೆಗೇಡಿನಿಂದಲೂ ತುಂಬಬೇಕಾಗುತ್ತಿತ್ತು. ಹಿಂದೆ ಹೇಳಿದ ಗಾದೆಯ ಸುಂಕದವನು ಇಲ್ಲಿ ಹೊಸ ವೇಷದಲ್ಲಿ ಕಾಣಿಸಿಕೊಂಡನು.

ಈ ಅಡ್ಡಿಗಳನ್ನು ಕಳೆಯುವ ಯತ್ನಗಳೂ ನಡೆದುವು. ಕೇಸ್ಕರ್ ಸಮಿತಿಯು ೧೯೬೭ರಲ್ಲಿ ಆಕ್ಟ್ರಾಯ್ ತೆರಿಗೆ ಹೋಗಬೇಕೆಂದು ಅಭಿಪ್ರಾಯಪಟ್ಟಿತು. ೧೯೭೫ರಲ್ಲಿ ರಾಷ್ಟ್ರೀಯ ಪರ್ಮಿಟ್ಟಿನ ಪದ್ಧತಿ ಬಂದು, ಅನೇಕ ರಾಜ್ಯಗಳಲ್ಲಿ ಒಂದೇ ಪರ್ಮಿಟ್ಟಿನಿಂದ ಸಂಚರಿಸುವುದು ಸಾಧ್ಯವಾಯಿತು. ಕರ್ನಾಟಕವು ೧೯೭೯ರಲ್ಲಿ ಆಕ್ಟ್ರಾಯನ್ನು ರದ್ದುಮಾಡಿ ಅದರ ಸ್ಥಾನದಲ್ಲಿ ಪ್ರವೇಶ ತೆರಿಗೆಯನ್ನು ತಂದಿತು. ೨೦೧೭ರ ಜುಲೈ ೧ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಯಾದ ಮೇಲೆ ಅನೇಕ ರಾಜ್ಯಗಳು ಗಡಿಯ ವಾಣಿಜ್ಯತೆರಿಗೆ ಚೆಕ್‌ಪೋಸ್ಟುಗಳನ್ನು ತೆಗೆದುಹಾಕಿದುವು. ಇವುಗಳಲ್ಲಿ ಪ್ರತಿಯೊಂದೂ ಲಾರಿಯ ಓಟವನ್ನು ಸುಗಮಗೊಳಿಸಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉಳಿದ ಹೊತ್ತು ಚಾಲಕನ ನಿದ್ರೆಗೆ ಸಂದಿತೆ, ಇನ್ನೊಂದು ಟ್ರಿಪ್ಪಿಗೆ ಸಂದಿತೆ ಎಂಬುದನ್ನು ಯಾವ ಸುಧಾರಣೆಯೂ ನಿರ್ಧರಿಸಲಿಲ್ಲ.

ಚಾಲಕನ ಶರೀರವನ್ನೇ ನೇರವಾಗಿ ಲಕ್ಷಿಸಿದ ನಿಯಮ ಬಂದುದು ೧೯೮೯ರಲ್ಲಿ. ೧೯೮೮ರ ಹೊಸ ಮೋಟಾರು ವಾಹನಗಳ ಕಾಯಿದೆಯನ್ನು ಅನುಸರಿಸಿ ಮಾಡಿದ ಕೇಂದ್ರ ನಿಯಮಗಳಲ್ಲಿ, ರಾಷ್ಟ್ರೀಯ ಪರ್ಮಿಟ್ಟಿನ ಲಾರಿಯಲ್ಲಿ ಕನಿಷ್ಠ ಇಬ್ಬರು ಚಾಲಕರಿರಬೇಕೆಂದೂ, ಚಾಲಕನ ಆಸನದ ಹಿಂದೆ ಎರಡನೆಯವನು ಕಾಲುಚಾಚಿ ಮಲಗುವಂತೆ ಅಡ್ಡಲಾಗಿ ಪೂರ್ಣ ಅಗಲದ ಆಸನವಿರಬೇಕೆಂದೂ ಹೇಳಲಾಯಿತು. ಮಲಗುವ ಹಲಗೆಯನ್ನು ಬಡಗಿಯು ಮಾಡಿಕೊಟ್ಟನು. ಎರಡನೆಯ ಚಾಲಕನ ಸಂಬಳವನ್ನು ಕೊಡುವವರು ದುರ್ಲಭರಾದರು. ಆ ಸ್ಥಾನವನ್ನು ಕ್ಲೀನರನೇ ತುಂಬುವುದು ಅಪರೂಪವಾಗಿರಲಿಲ್ಲ. ಕೊನೆಗೆ ೨೦೧೮ರ ತಿದ್ದುಪಡಿಯಿಂದ ಇಬ್ಬರು ಚಾಲಕರ ಕಡ್ಡಾಯವೇ ಹೋಯಿತು. ೧೯೬೧ರ ಕಾಯಿದೆಯನ್ನು ೨೦೨೦ರ ಕಾರ್ಮಿಕಸಂಹಿತೆಯೊಂದರಲ್ಲಿ ವಿಲೀನಗೊಳಿಸಲಾಯಿತು. ೨೦೨೫ರ ಅಕ್ಟೋಬರ್ ೧ರಿಂದ ತಯಾರಾಗುವ ದೊಡ್ಡ ಲಾರಿಗಳ ಚಾಲಕರ ಕೋಣೆಗೆ ಹವಾನಿಯಂತ್ರಣ ಬೇಕೆಂಬ ನಿಯಮ ಬಂದುದು ಸಂತೋಷದ ಸಂಗತಿ. ಆದರೆ ತಂಪಾದ ಕೋಣೆಯು ದಣಿವನ್ನು ತಡವಾಗಿಸಬಲ್ಲುದೇ ಹೊರತು ನಿದ್ರೆಯ ಸ್ಥಾನವನ್ನು ತುಂಬಲಾರದು.

೬

ಮೇಲೆ ಹೇಳಿದುದನ್ನು ಸಂಗ್ರಹಿಸಿದರೆ ತಿಳಿಯುವುದೇನೆಂದರೆ: ಹೇರೆತ್ತಿನ ಕಾಲದಲ್ಲಿ ಎತ್ತು, ಹೊರೆ, ಮನೆ, ಮನುಷ್ಯ ಇವು ಒಂದೇ ಲೆಕ್ಕಕ್ಕೆ ಸೇರಿದ್ದುವು. ಎತ್ತನ್ನು ದಣಿಸಿ ಕೊಂದರೆ ನಷ್ಟವು ನಡೆಸುವವನದೇ. ಲಾರಿಯ ಕಾಲದಲ್ಲಿ ಸರಕು ವರ್ತಕನದು, ಬಂಡಿ ಮಾಲೀಕನದು, ಮನೆ ದೂರದ ಊರಿನಲ್ಲಿ. ಚಾಲಕನ ಪಾಲಿಗೆ ಬಂದುದು ದಣಿವು ಮಾತ್ರ. ಯಂತ್ರದ ದಣಿವಿಗೆ ಲೆಕ್ಕವಿದ್ದಿತು. ಎಣ್ಣೆ ಬದಲಿಸುವುದಕ್ಕೂ ಟೈರು ಬದಲಿಸುವುದಕ್ಕೂ ಗೊತ್ತಾದ ಕಿಲೋಮೀಟರುಗಳಿದ್ದುವು. ಮನುಷ್ಯನ ದಣಿವಿಗೆ ಕಾಯಿದೆಯ ಪುಟದಲ್ಲಿ ಲೆಕ್ಕವಿದ್ದರೂ ಹಾದಿಯ ಮೇಲೆ ಅದನ್ನು ಹಿಡಿಯುವ ಕೈ ಇರಲಿಲ್ಲ.

ಈ ಬಾಳಿನ ಚರಿತ್ರೆಗೆ ಸಾಮಗ್ರಿಯು ಬೇಗ ಕ್ಷಯಿಸುತ್ತಿದೆ. ಶಾಸನಗಳು ಎತ್ತಿನ ಹೇರಿನ ಸುಂಕವನ್ನು ಕಲ್ಲಿನಲ್ಲಿ ಉಳಿಸಿದುವು. ಪ್ರವಾಸಿಗಳು ತಾಂಡದ ನಡೆಯನ್ನು ಬರೆದಿಟ್ಟರು. ಇಪ್ಪತ್ತನೆಯ ಶತಮಾನದ ಚಾಲಕನ ವಿಷಯದಲ್ಲಿ ದೊರೆಯುವುದು ಬಾಡಿಗೆಯ ಚೀಟಿ, ಗೇಟಿನ ರಸೀತಿ, ನ್ಯಾಯಾಲಯದ ತೀರ್ಪು ಇಷ್ಟೇ. ಅವುಗಳಲ್ಲಿ ಮೊದಲಿನ ಎರಡು ಹೊರೆಯನ್ನು ಕುರಿತವು, ಮೂರನೆಯದು ಅವನ ತಪ್ಪನ್ನು ಕುರಿತದು. ಅವನ ಕಸುಬಿನ ಮಾತುಗಳು, ಘಟ್ಟದ ಹಾದಿಯ ಜ್ಞಾನ, ಬಂಡಿಯ ಮುಂದೆ ಹಿಂದೆ ಬರೆಸಿದ ದೇವರ ಮತ್ತು ಮಕ್ಕಳ ಹೆಸರುಗಳು, ಇವೆಲ್ಲವೂ ಸಂಗ್ರಹಯೋಗ್ಯವಾದುವು. ೧೯೬೦ ಮತ್ತು ೧೯೭೦ರ ದಶಕಗಳಲ್ಲಿ ಚಕ್ರವನ್ನು ಹಿಡಿದವರು ಈಗ ವೃದ್ಧರಾಗಿದ್ದಾರೆ. ಹುಬ್ಬಳ್ಳಿ, ದಾವಣಗೆರೆ, ಮಂಗಳೂರುಗಳಂತಹ ಸಾರಿಗೆಯ ಪಟ್ಟಣಗಳಲ್ಲಿ ಅವರಿಂದ ಕೇಳಿ ಬರೆದುಕೊಳ್ಳತಕ್ಕ ಕೆಲಸವು ಭಾಷೆಯ ಅಭ್ಯಾಸಕ್ಕೂ ಚರಿತ್ರೆಗೂ ಸಮಾನವಾಗಿ ಪ್ರಯೋಜನಕರವಾದುದು. ಕೇಳಬೇಕಾದ ಪ್ರಶ್ನೆಗಳಲ್ಲಿ ಮೊದಲನೆಯದು, ಏನನ್ನು ಹೊತ್ತೊಯ್ದಿರಿ ಎಂಬುದಲ್ಲ. ಎಲ್ಲಿ, ಎಷ್ಟು ಹೊತ್ತು ಮಲಗಿದಿರಿ ಎಂಬುದು.